ಮೊಟ್ಟೆಗೆ ಬರುವ ಹೇಂಟೆಗಳಿಗೆ ಯಾವ ಫೀಡ್? ಅನುಭವ ಇದ್ದವರು ಹೇಳಿ

ಕೇಳಿದವರು: ಹೇಂಟೆಗಳಿಗೆ 16 ವಾರ ತುಂಬಿತು. ಲೇಯರ್ ಫೀಡ್ (ಮೊಟ್ಟೆ ಇಡುವ ಕೋಳಿಗಳ ಆಹಾರ) ಈಗಲೇ ಶುರು ಮಾಡಲಾ, ಮೊದಲ ಮೊಟ್ಟೆ ಬರಲಿ ಅಂತ ಕಾಯಲಾ? ಒಂದೇ ಗೂಡಿನಲ್ಲಿ ಹುಂಜ ಮತ್ತು ಚಿಕ್ಕ ಮರಿಗಳೂ ಇವೆ.

ಹಿತ್ತಲ ಹೇಂಟೆ: ಅವಸರ ಬೇಡವೇ ಬೇಡ. "ಬೇಗ ಲೇಯರ್ ಹಾಕಿ, ಬೇಗ ಮೊಟ್ಟೆ ಬರುತ್ತೆ" ಅಂತ ನಮಗೆ ಗೊತ್ತಿದ್ದವರೇ ಹೇಳಿದ್ದು. 10ನೇ ವಾರದಿಂದ ಹಾಕಿದೆವು. ಗ್ರೋವರ್‌ನಲ್ಲಿ, ಅಂದರೆ ಬೆಳೆಯುವ ಕೋಳಿಗಳ ಫೀಡ್‌ನಲ್ಲಿ, ಕ್ಯಾಲ್ಸಿಯಂ ಶೇ. 1ರ ಆಸುಪಾಸು, ಲೇಯರ್‌ನಲ್ಲಿ ಶೇ. 4ರ ಹತ್ತಿರ. ಎಳೆ ಕೋಳಿಯ ಕಿಡ್ನಿ ಅದನ್ನು ತಡೆಯುವುದಿಲ್ಲ. ಮೊದಲು ನೀರು ಜಾಸ್ತಿ ಕುಡಿದವು, ಹಿಕ್ಕೆ ತೆಳ್ಳಗಾಯಿತು. ಆಮೇಲೆ ಒಂದೊಂದೇ ಸತ್ತವು. ಡಾಕ್ಟರು ಕೊಯ್ದು ತೋರಿಸಿದರು: ಕಿಡ್ನಿ ಊದಿತ್ತು, ಹೃದಯದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ಗೌಟ್ ಅಂದರು, ಕಿಡ್ನಿ ಕೆಟ್ಟು ಯೂರಿಕ್ ಆಮ್ಲ ಒಳಗೇ ಕಟ್ಟಿಕೊಳ್ಳುವ ರೋಗ. ಮರಿಯಿಂದ ಸಾಕಿದ್ದು, ತಿನ್ನಿಸಿದ್ದು, ಎಲ್ಲ ಮಣ್ಣುಪಾಲು. ಉಳಿದ ಚೀಲವನ್ನು ಅಂಗಡಿಯವರು ವಾಪಸ್ಸೂ ತಗೊಳ್ಳಲಿಲ್ಲ.

ಹಳೇ ಹುಂಜ: 10 ವಾರಕ್ಕೇ ಲೇಯರ್ ಸುರಿದು ಫೀಡನ್ನು ಬೈದರೆ ಹೇಗೆ? ನಾನು ಜುಟ್ಟು ಕೆಂಪಾಗುತ್ತಿದ್ದ ಹಾಗೆ ಪ್ರೀ-ಲೇಯರ್ ಹಾಕುತ್ತೇನೆ, ಗ್ರೋವರ್‌ಗೂ ಲೇಯರ್‌ಗೂ ನಡುವಿನ ಫೀಡ್ ಅದು. ಕ್ಯಾಲ್ಸಿಯಂ ಶೇ. 2ರಿಂದ 2.5. ಮೊದಲ ಮೊಟ್ಟೆಗೆ ಎರಡು ವಾರ ಮುಂಚೆಯೇ ಹೇಂಟೆ ತನ್ನ ಮೂಳೆಯೊಳಗೆ ಕ್ಯಾಲ್ಸಿಯಂ ಕೂಡಿಡುತ್ತದೆ. ಒಂದು ಮೊಟ್ಟೆಯ ಸಿಪ್ಪೆಗೇ ಸುಮಾರು 2 ಗ್ರಾಂ ಬೇಕು, ಎಲ್ಲಿಂದ ತರಬೇಕು ಅದು? ನಮ್ಮ ಪಕ್ಕದವರು ಗ್ರೋವರ್ ಖಾಲಿ ಆಗಲಿ ಅಂತ ಕಾದರು. ಬಂದಿದ್ದು ಬರೀ ತೊಗಲು ಮೊಟ್ಟೆ. ಎರಡು ಕೋಳಿ ಕಾಲು ಸೋತು ಕೂತವು, ಏಳಲೇ ಇಲ್ಲ.

ಚಿಪ್ಪಿನ ಬಟ್ಟಲು: ಪ್ರೀ-ಲೇಯರ್ ಅಂದರೆ ಸುಮ್ನೆ ಇನ್ನೊಂದು ಚೀಲ ಮಾರುವ ಉಪಾಯ. ನನ್ನ ಕೋಳಿಗಳು ಗ್ರೋವರ್‌ನಲ್ಲೇ ಮೊಟ್ಟೆಗೆ ಬಂದವು. ಕಪ್ಪೆಚಿಪ್ಪಿನ ಚೂರು ಬೇರೆ ಬಟ್ಟಲಲ್ಲಿ ಇಡುತ್ತೇನೆ, ಬೇಕಾದವು ಕುಕ್ಕುತ್ತವೆ. ಹುಂಜ ಮೂಸಿಯೂ ನೋಡುವುದಿಲ್ಲ. ಪುಡಿ ಬೇಡ, ದಪ್ಪ ಚೂರೇ ಆಗಬೇಕು. ಅದು ಹೊಟ್ಟೆಯಲ್ಲಿ ನಿಂತು ರಾತ್ರಿಯಿಡೀ ನಿಧಾನಕ್ಕೆ ಕರಗುತ್ತದೆ. ಸಿಪ್ಪೆ ಕಟ್ಟುವುದೂ ಹೆಚ್ಚಾಗಿ ರಾತ್ರಿಯೇ ಅಲ್ವಾ?

ಹಳೇ ಹುಂಜ: ನಾಲ್ಕು ಕೋಳಿ ಸಾಕಿದವರಿಗೆ ಬಟ್ಟಲು ಸರಿ. ಶೆಡ್‌ನಲ್ಲಿ ಅರ್ಧ ಚಿಪ್ಪು ಕೆದರಿ ನೆಲಕ್ಕೆ ಹಾಸಿದ ಹೊಟ್ಟಿನ ಪಾಲು.

ಕೇಳಿದವರು: ಮರಿಗಳ ಫೀಡ್‌ನಲ್ಲಿ ಔಷಧಿ ಬೆರೆಸಿದೆ. ಹೇಂಟೆಗಳೂ ಅದನ್ನೇ ತಿಂದರೆ?

ಹಿತ್ತಲ ಹೇಂಟೆ: ಚೀಲದ ಲೇಬಲ್ ಓದಿ. ಕೆಲವು ಔಷಧಿ ಮೊಟ್ಟೆಯಲ್ಲಿ ಉಳಿಯುತ್ತವೆ. ನಾವಂತೂ ಆ ಸಾವುಗಳಾದ ಮೇಲೆ ಲೇಬಲ್ ಓದದೆ ಚೀಲ ಬಿಚ್ಚುವುದಿಲ್ಲ.

ಚಿಪ್ಪಿನ ಬಟ್ಟಲು: ಹಳೇ ಹುಂಜ ಅವರೇ, ಕೋಳಿಗಳ ಗುದ ಹೊರಗೆ ಬರ್ತಿದೆ ಅಂತ ಹೋದ ಸಲ ಗೋಳಾಡಿದ್ದು ಯಾರು? ಬೇಗ ಮೊಟ್ಟೆ ಬರಲಿ ಅಂತ ಮೈ ತುಂಬುವ ಮುಂಚೆಯೇ ದಿನಕ್ಕೆ 16 ಗಂಟೆ ಲೈಟು ಉರಿಸಿದರೆ ಇನ್ನೇನಾಗುತ್ತೆ?

ಹಳೇ ಹುಂಜ: ಅದು ತಳಿಯ ದೋಷ. ಲೈಟಿಗೂ ಅದಕ್ಕೂ ಸಂಬಂಧ ಇಲ್ಲ.

ಹಿತ್ತಲ ಹೇಂಟೆ: ಅದೇ ತಳಿ ನಮ್ಮಲ್ಲೂ ಇದೆ ಸ್ವಾಮಿ. ಒಂದಕ್ಕೂ ಹಾಗಾಗಿಲ್ಲ.