ಕಾಲೇಜಿನ ವೈಫೈ ಲಾಗಿನ್ ಗೆಳೆಯನಿಗೆ ಕೊಡಬಹುದಾ? ನೆಟ್‌ವರ್ಕ್ ನೋಡಿಕೊಳ್ಳುವವರ ಉತ್ತರ

ಪ್ರಶ್ನೆ (ಇಂಜಿನಿಯರಿಂಗ್ ಎರಡನೇ ವರ್ಷ): ಸರ್, ನಮ್ಮ ಕಾಲೇಜಲ್ಲಿ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ) ಹಾಕಿ ವೈಫೈಗೆ ಲಾಗಿನ್ ಆಗಬೇಕು. ರೂಮ್‌ಮೇಟ್‌ನ ದಿನದ ಕೋಟಾ ಮುಗಿದಿತ್ತು ಅಂತ ನನ್ನ ಪಾಸ್‌ವರ್ಡ್ ಕೊಟ್ಟೆ. ಈಗ ನನ್ನ ಲಾಗಿನ್ ಬ್ಲಾಕ್ ಆಗಿದೆ. ಟೊರೆಂಟ್‌ನಲ್ಲಿ ಸಿನಿಮಾ ಇಳಿಸಿದ್ದೇನೆ ಅಂತ ಎಚ್‌ಒಡಿ ಕರೆದಿದ್ದಾರೆ. ನಾನು ಇಳಿಸಿಲ್ಲ. ಏನು ಹೇಳಲಿ?

ಉತ್ತರ: ನಡೆದದ್ದನ್ನು ನಡೆದ ಹಾಗೇ ಹೇಳಿ, ಪಾಸ್‌ವರ್ಡ್ ಕೊಟ್ಟದ್ದನ್ನೂ ಸೇರಿಸಿ. ಅದನ್ನು ಮುಚ್ಚಿಟ್ಟರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ನಿಮ್ಮನ್ನೇ ಯಾಕೆ ಕರೆದರು ಅಂತ ಹೇಳುತ್ತೇನೆ. ಕಾಲೇಜಿನ ಸಾವಿರಾರು ಫೋನು, ಲ್ಯಾಪ್‌ಟಾಪ್‌ಗಳು ಹೊರಗಿನ ಇಂಟರ್ನೆಟ್‌ಗೆ ಸಾಮಾನ್ಯವಾಗಿ ಒಂದೋ ಕೆಲವೋ ಪಬ್ಲಿಕ್ ಐಪಿ ವಿಳಾಸಗಳಲ್ಲೇ ಕಾಣುತ್ತವೆ. ದೂರು ಬರುವುದು ಆ ವಿಳಾಸಕ್ಕೆ, ಅಂದರೆ ಕಾಲೇಜಿಗೆ. ಆಗ ನಮ್ಮಂಥವರು ಲಾಗ್ ತೆಗೆಯುತ್ತೇವೆ. ಆ ಹೊತ್ತಿಗೆ ಒಳಗಿನ ಯಾವ ವಿಳಾಸ, ಯಾವ ಲಾಗಿನ್, ಯಾವ ಸಾಧನ ಅಂತ ಅದರಲ್ಲಿರುತ್ತದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಹಾಗಾಗಿ ಹಳೆಯದು ಅಳಿಸಿಹೋಗಿರುತ್ತದೆ ಅಂದುಕೊಳ್ಳಬೇಡಿ.

ನಿಮಗೆ ನೆರವಾಗುವುದೂ ಅದೇ ಲಾಗ್. ಲಾಗಿನ್ ನಿಮ್ಮದಿದ್ದರೂ ಸಾಧನದ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಬೇರೆ ಇರುತ್ತದೆ. ಅದನ್ನು ತಾಳೆ ನೋಡಿ ಅಂತ ಕೇಳಿ. ಒಂದು ಎಚ್ಚರಿಕೆ: ಈಗಿನ ಆಂಡ್ರಾಯ್ಡ್, ಐಫೋನ್‌ಗಳು ಒಂದೊಂದು ವೈಫೈಗೂ ಒಂದೊಂದು ಮ್ಯಾಕ್ ವಿಳಾಸ ತೋರಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಕಾಲೇಜಿನ ವೈಫೈ ಹೆಸರು ಒತ್ತಿ, ಅಲ್ಲಿ ಕಾಣುವ ವಿಳಾಸದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆ ನೆಟ್‌ವರ್ಕನ್ನು ಫೋನಿನಿಂದ ತೆಗೆದು ಮತ್ತೆ ಸೇರಿಸಲು ಹೋಗಬೇಡಿ. ಹೊಸ ವಿಳಾಸ ಬಂದುಬಿಟ್ಟರೆ ತಾಳೆ ನೋಡುವುದು ಕಷ್ಟ.

ಪಾಸ್‌ವರ್ಡ್ ಈಗಲೇ ಬದಲಿಸಿ. ಜಿಮೇಲ್‌ಗೂ ಅದನ್ನೇ ಇಟ್ಟಿದ್ದರೆ ಅಲ್ಲೂ ಬದಲಿಸಿ. ರೂಮ್‌ಮೇಟ್ ಜೊತೆಗೂ ಮಾತಾಡಿ. ಅವನೇ ಬಂದು ಒಪ್ಪಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಪ್ರಶ್ನೆ (ಅದೇ ಎಳೆಯಲ್ಲಿ ಇನ್ನೊಬ್ಬರು): ಕೊಡದೇ ಇದ್ದರೂ ಕದ್ದು ಬಳಸಿದರೆ?

ಉತ್ತರ: ಅದು ಅಪರಾಧ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಐಟಿ ಕಾಯ್ದೆಯ 66ಸಿ ಕಲಂನಲ್ಲಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಗೊತ್ತಾದ ಕೂಡಲೇ ಬರವಣಿಗೆಯಲ್ಲಿ ದೂರು ಕೊಡಿ.

ಪ್ರಶ್ನೆ (ಹಾಸ್ಟೆಲ್ ವಿದ್ಯಾರ್ಥಿ): ನಮ್ಮ ರೂಮಿಗೆ ಸಿಗ್ನಲ್ಲೇ ಬರಲ್ಲ ಸರ್. ಗೋಡೆಯ ಲ್ಯಾನ್ ಪೋರ್ಟ್‌ಗೆ ನನ್ನದೇ ರೂಟರ್ ಹಾಕಿದ್ದೆ. ವಾರ್ಡನ್ ಕಿತ್ತುಕೊಂಡು ಹೋದರು. ನನ್ನ ದುಡ್ಡಿನ ರೂಟರ್, ಯಾರಿಗೇನು ತೊಂದರೆ?

ಉತ್ತರ: ತೊಂದರೆ ಆಗಿರುವುದು ಪಕ್ಕದ ರೂಮುಗಳಿಗೆ, ನಿಮಗೆ ಅದು ಕಾಣುವುದಿಲ್ಲ. ನೆಟ್‌ವರ್ಕ್‌ಗೆ ಸೇರುವ ಪ್ರತಿ ಸಾಧನವೂ ಮೊದಲು ‘ನನಗೊಂದು ವಿಳಾಸ ಕೊಡಿ’ ಅಂತ ಕೇಳುತ್ತದೆ. ಅದಕ್ಕೆ ಉತ್ತರ ಕೊಡುವುದು ಕಾಲೇಜಿನ ಡಿಎಚ್‌ಸಿಪಿ ಸರ್ವರ್. ಮನೆಯ ರೂಟರ್ ಒಳಗೂ ಅಂಥದ್ದೇ ಒಂದು ಇರುತ್ತದೆ. ಗೋಡೆಯಿಂದ ಬಂದ ಕೇಬಲ್ಲನ್ನು ರೂಟರ್‌ನ ವ್ಯಾನ್ (ಹೊರಗಿನ ಸಂಪರ್ಕದ) ಪೋರ್ಟ್ ಬದಲು ಲ್ಯಾನ್ (ಒಳಗಿನ ಸಾಧನಗಳ) ಪೋರ್ಟ್‌ಗೆ ಚುಚ್ಚಿದರೆ ನಿಮ್ಮ ರೂಟರ್ ಕೂಡ ಉತ್ತರ ಕೊಡಲು ಶುರು ಮಾಡುತ್ತದೆ. ಹತ್ತಿರದಲ್ಲಿರುವುದರಿಂದ ಎಷ್ಟೋ ಸಲ ಅದರ ಉತ್ತರವೇ ಮೊದಲು ತಲುಪುತ್ತದೆ. ಅದು ಕೊಟ್ಟ 192.168.0 ಸಾಲಿನ ವಿಳಾಸ ಕಾಲೇಜಿನಲ್ಲಿ ನಡೆಯುವುದಿಲ್ಲ. ಇಡೀ ಮಹಡಿಯಲ್ಲಿ ‘ವೈಫೈ ಇದೆ, ಇಂಟರ್ನೆಟ್ ಇಲ್ಲ’ ಅನ್ನುವ ಸ್ಥಿತಿ. ನಾಳೆ ಬೆಳಿಗ್ಗೆ ಆನ್‌ಲೈನ್ ಟೆಸ್ಟ್ ಇದ್ದವರ ಗತಿ ಯೋಚಿಸಿ. ನಾವು ರೂಮ್ ರೂಮ್ ಸುತ್ತಿ ಹುಡುಕಬೇಕು. ಒಳ್ಳೆಯ ಸ್ವಿಚ್‌ಗಳಲ್ಲಿ ಇದನ್ನು ತಡೆಯುವ ವ್ಯವಸ್ಥೆ ಇರುತ್ತದೆ, ಎಲ್ಲ ಹಾಸ್ಟೆಲ್‌ಗಳಲ್ಲೂ ಇರುವುದಿಲ್ಲ.

ಕೇಬಲ್ ಸರಿಯಾಗಿ ಹಾಕಿದರೂ ನಿಮ್ಮ ರೂಟರ್ ಮೂಲಕ ಹೋದವರೆಲ್ಲ ನಿಮ್ಮ ಹೆಸರಲ್ಲೇ ಹೋಗುತ್ತಾರೆ. ಮೇಲಿನ ಪ್ರಶ್ನೆ ಓದಿದಿರಲ್ಲ?

ಆದರೆ ಸಿಗ್ನಲ್ ಬರದಿರುವುದು ನಿಮ್ಮ ತಪ್ಪಲ್ಲ. ಎಷ್ಟೋ ಕಡೆ ಬ್ಯಾಂಡ್‌ವಿಡ್ತ್‌ಗೆ ಧಾರಾಳವಾಗಿ ಖರ್ಚು ಮಾಡಿ, ವೈಫೈ ಸಿಗ್ನಲ್ ಹರಡುವ ಆಕ್ಸೆಸ್ ಪಾಯಿಂಟ್‌ಗೆ ಕೈ ಬಿಗಿ ಹಿಡಿಯುತ್ತಾರೆ. ಇದನ್ನು ಮ್ಯಾನೇಜ್‌ಮೆಂಟ್‌ನವರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ವೈಫೈ ಅನಲೈಸರ್ ಆ್ಯಪ್‌ನಲ್ಲಿ ಮಂಚದ ಹತ್ತಿರ, ಬಾಗಿಲ ಹತ್ತಿರ ಸಿಗ್ನಲ್ ಅಳೆಯಿರಿ. ಮೈನಸ್ 75 ಡಿಬಿಎಂಗಿಂತ ಕೆಳಗಿದ್ದರೆ (ಮೈನಸ್ 80, 85 ಹೀಗೆ) ದುರ್ಬಲ ಅಂತಲೇ ಲೆಕ್ಕ. ಆ ಅಂಕಿ ಬರೆದು, ಅಕ್ಕಪಕ್ಕದ ರೂಮಿನವರ ಸಹಿ ಹಾಕಿಸಿ ಅರ್ಜಿ ಕೊಡಿ. ಸುಮ್ನೆ ‘ನೆಟ್ ಸ್ಲೋ’ ಅನ್ನುವ ದೂರಿಗಿಂತ ಅಂಥ ಅರ್ಜಿ ಬೇಗ ಮುಂದೆ ಹೋಗುತ್ತದೆ.

ಪ್ರಶ್ನೆ (ಪಿಎಚ್‌ಡಿ ವಿದ್ಯಾರ್ಥಿನಿ): ಲೈಬ್ರರಿ ಚಂದಾ ಕಟ್ಟಿರುವ ಜರ್ನಲ್‌ಗಳನ್ನು ಸ್ಕ್ರಿಪ್ಟ್ ಬರೆದು ಒಟ್ಟಿಗೆ ಇಳಿಸಿಕೊಳ್ಳಬಹುದಾ?

ಉತ್ತರ: ಬೇಡಮ್ಮ. ಅಷ್ಟೊಂದು ಲೇಖನಗಳು ಒಮ್ಮೆಲೇ ಹೋದರೆ ಪ್ರಕಾಶಕರು ನಿಮ್ಮೊಬ್ಬರನ್ನಲ್ಲ, ಕಾಲೇಜಿನ ಐಪಿಯನ್ನೇ ತಡೆಯುತ್ತಾರೆ. 2010ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹೀಗೇ ಆಯಿತು. ಒಬ್ಬರು ರಾಶಿ ರಾಶಿ ಲೇಖನ ಇಳಿಸಿದ್ದಕ್ಕೆ ಜೆಸ್ಟೋರ್ ಎಂಬ ಜರ್ನಲ್ ಸಂಗ್ರಹ ತಾಣ ಇಡೀ ಎಂಐಟಿಗೆ ಕೆಲವು ದಿನ ಪ್ರವೇಶ ನಿಲ್ಲಿಸಿತ್ತು. ನಮ್ಮಲ್ಲಿ 2025ರ ಜನವರಿಯಿಂದ ಸರ್ಕಾರಿ ಸಂಸ್ಥೆಗಳಿಗೆ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಬೇಕಾದಾಗ ಬೇಕಾದದ್ದನ್ನು ತೆಗೆದು ಓದಿ. ನಿಜವಾಗಿಯೂ ಸಾವಿರಾರು ಲೇಖನಗಳ ಮೇಲೆ ಕೆಲಸ ಮಾಡಬೇಕಿದ್ದರೆ ಲೈಬ್ರೇರಿಯನ್ ಮೂಲಕ ಪ್ರಕಾಶಕರ ಅನುಮತಿ ಕೇಳಿಸಿ.

ಪ್ರಶ್ನೆ: ಲ್ಯಾಬ್ ಸಿಸ್ಟಮ್‌ಗೆ ಮ್ಯಾಟ್‌ಲ್ಯಾಬ್ ಕ್ರ್ಯಾಕ್ ಹಾಕಿಕೊಳ್ಳಲಾ? ಪೆನ್‌ಡ್ರೈವ್‌ನಲ್ಲಿದೆ.

ಉತ್ತರ: ಖಂಡಿತ ಬೇಡ. ಆಂಟಿವೈರಸ್ ಆಫ್ ಮಾಡಿ ಅಂತ ಕೇಳುವ ಫೈಲನ್ನು ಎಲ್ಲರ ಲ್ಯಾಬಿಗೆ ತರಬೇಡಿ. ಅಂಥದ್ದೇ ಲೆಕ್ಕದ ಕೆಲಸಕ್ಕೆ ಆಕ್ಟೇವ್, ಸೈಲ್ಯಾಬ್ ತಂತ್ರಾಂಶಗಳಿವೆ, ಎರಡೂ ಉಚಿತ.

ಪ್ರಶ್ನೆ (ಬಿಎಸ್ಸಿ ಕೊನೇ ವರ್ಷ): ಕಾಲೇಜು ವೈಫೈನಲ್ಲಿ ನಾವು ನೋಡುವುದೆಲ್ಲ ನಿಮಗೆ ಕಾಣುತ್ತಾ ಸರ್? ವಾಟ್ಸಾಪ್ ಚಾಟ್ ಕೂಡ?

ಉತ್ತರ: ಚಾಟ್ ಕಾಣುವುದಿಲ್ಲ. ಯಾವ ಸೈಟಿಗೆ ಹೋದಿರಿ, ಎಷ್ಟು ಹೊತ್ತಿಗೆ, ಎಷ್ಟು ಡೇಟಾ ಅನ್ನುವುದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಎಚ್‌ಟಿಟಿಪಿಎಸ್ (ಸೈಟಿನ ಜೊತೆಗಿನ ಗುಪ್ತಲಿಪಿ ಸಂಪರ್ಕ) ಇದ್ದರೆ ಪುಟದೊಳಗಿನ ವಿಷಯ, ಪಾಸ್‌ವರ್ಡ್ ಕಾಣುವುದಿಲ್ಲ. ಆದರೆ ವೈಫೈ ಬೇಕಿದ್ದರೆ ಫೋನಿಗೆ ಒಂದು ರೂಟ್ ಸರ್ಟಿಫಿಕೇಟ್ ಹಾಕಿಕೊಳ್ಳಿ ಅಂತ ಕಾಲೇಜು ಹೇಳಿದರೆ ನಿಲ್ಲಿ. ಅದನ್ನು ಹಾಕಿದ ಮೇಲೆ ಫೈರ್‌ವಾಲ್ ಆ ಎಚ್‌ಟಿಟಿಪಿಎಸ್ ಪುಟಗಳನ್ನೂ ನಡುವೆ ಬಿಚ್ಚಿ ನೋಡಬಹುದು. ಯಾಕೆ ಬೇಕು, ಏನೇನು ನೋಡುತ್ತೀರಿ, ಎಷ್ಟು ದಿನ ಇಡುತ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ. ಲ್ಯಾಬಿನ ಕಂಪ್ಯೂಟರ್‌ನಲ್ಲಿ ಅದು ಮೊದಲೇ ಇರಬಹುದು, ಅಲ್ಲಿ ಬ್ಯಾಂಕ್ ಕೆಲಸ ಬೇಡ.

ನಿಯಮ ನಮಗೂ ಇದೆ. ದೂರಿಲ್ಲದೆ, ಅನುಮತಿಯಿಲ್ಲದೆ ಕುತೂಹಲಕ್ಕೆ ಒಬ್ಬ ಹುಡುಗಿಯ ಲಾಗ್ ತೆಗೆದು ನೋಡುವ ಸಿಬ್ಬಂದಿಯೂ ಕಾಲೇಜಿನ ನೆಟ್‌ವರ್ಕನ್ನು ದುರುಪಯೋಗ ಮಾಡಿದ ಹಾಗೇ. ಲಾಗ್ ತೆಗೆದವರು ಯಾರು, ಯಾವಾಗ, ಯಾರ ಅನುಮತಿಯ ಮೇಲೆ ಅನ್ನುವುದೂ ದಾಖಲಾಗಬೇಕು. ನೀವು ಎಲ್ಲೆಲ್ಲಿ ಏನು ನೋಡಿದಿರಿ ಅಂತ ಯಾರಾದರೂ ಬಾಯಿಮಾತಿನಲ್ಲಿ ಆಡಿದರೆ ಹೆದರಿ ಸುಮ್ಮನಿರಬೇಡಿ. ದಿನಾಂಕ ಬರೆದಿಟ್ಟುಕೊಂಡು ಪ್ರಿನ್ಸಿಪಾಲರಿಗೆ ಲಿಖಿತ ದೂರು ಕೊಡಿ, ಆ ದಾಖಲೆ ತೋರಿಸಿ ಅಂತ ಕೇಳಿ.