ಸಹಾಯ ಬೇಕು: ವೀಲ್‌ಚೇರ್ ರ‍್ಯಾಂಪ್ ಕಟ್ಟುವ ಮೇಸ್ತ್ರಿ
ಎಲ್ಲರಿಗೂ ನಮಸ್ಕಾರ. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ವೀಲ್‌ಚೇರ್ ಬಳಸುವ ಹೆಣ್ಣುಮಗಳ ಮನೆಗೆ ರ‍್ಯಾಂಪ್ ಆಗಬೇಕಿದೆ. ಗೊತ್ತಿರುವ ಗಾರೆ ಮೇಸ್ತ್ರಿ ಇದ್ದರೆ ತಿಳಿಸಿ.

ಜಗಲಿ 45 ಸೆಂ.ಮೀ. ಎತ್ತರ. 1:12 ಇಳಿಜಾರಿಗೆ (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) 5.4 ಮೀಟರ್ ಬೇಕು, ಅಂಗಳ ಇರುವುದು 4.5 ಮೀಟರ್. ಹಾಗಾಗಿ 2.7 ಮೀಟರಿನ ಎರಡು ತುಂಡು ಮಾಡಿ, ನಡುವೆ 1.5 ಮೀಟರ್ ಚೌಕದ ಸಮತಟ್ಟು ಬಿಟ್ಟು ತಿರುಗಿಸಬೇಕು. ಜಾಗ ಸಾಲದೆಂದು ಕಡಿದಾಗಿ ಕಟ್ಟಿದರೆ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ, ದಯವಿಟ್ಟು ಆ ಸಲಹೆ ಬೇಡ. ಅಗಲ 1.2 ಮೀಟರ್; ಚಕ್ರ ಹೊರಗೆ ಹೋಗದಂತೆ ಅಂಚಿಗೆ ಪುಟ್ಟ ಕಟ್ಟೆ. ಸಿಮೆಂಟ್ ನುಣ್ಣಗೆ ತೀಡಿದರೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ. ಹಸಿ ಇದ್ದಾಗಲೇ ತೆಂಗಿನಕಡ್ಡಿ ಪೊರಕೆಯಿಂದ ಅಡ್ಡಗೆರೆ ಎಳೆಯಬೇಕು.

ಪಂಚಾಯ್ತಿಯ ಶೇ. 5ರ ಅಂಗವಿಕಲರ ಅನುದಾನಕ್ಕೆ ಕೊಟ್ಟ ಅಂದಾಜುಪಟ್ಟಿ ಯಾರ ಬಳಿಯಾದರೂ ಇದ್ದರೆ ಅದನ್ನೂ ಕಳಿಸಿ.