ಗ್ರೀನ್ ಕಾರ್ಡ್‌ಗೆ ಮೊದಲು ಯಾವ ಕಾಗದ? ಮುಂಬೈ–ಪುಣೆ ಕನ್ನಡ ನರ್ಸುಗಳ ಪ್ರಶ್ನೋತ್ತರ

ಪ್ರಶ್ನೆ (ಡೊಂಬಿವಲಿ): ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದ್ದೇನೆ, ಆರ್‌ಜಿಯುಎಚ್‌ಎಸ್ (ಕರ್ನಾಟಕದ ಆರೋಗ್ಯ ವಿಶ್ವವಿದ್ಯಾಲಯ) ಪದವಿ. ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇದೆ. ಅಮೆರಿಕದಲ್ಲೇ ನೆಲೆಸುವ ಯೋಚನೆ. ಏಜೆಂಟರು ಮೊದಲು ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ), ವೀಸಾಸ್ಕ್ರೀನ್ (ಓದು, ಲೈಸೆನ್ಸ್, ಇಂಗ್ಲಿಷ್ ಪರಿಶೀಲಿಸಿ ಕೊಡುವ ಸರ್ಟಿಫಿಕೇಟ್) ಮುಗಿಸಿ ಅನ್ನುತ್ತಾರೆ. ಇದು ಸರಿಯಾ ಸರ್?

ಉತ್ತರ: ಭಾರತದಲ್ಲಿ ಹುಟ್ಟಿದವರಿಗೆ ಇದು ಉಲ್ಟಾ ಮೇಡಂ. ನರ್ಸುಗಳದ್ದು ಇಬಿ-3 ವರ್ಗ (ಕೆಲಸದ ಮೇಲೆ ಸಿಗುವ ಗ್ರೀನ್ ಕಾರ್ಡಿನ ಒಂದು ಸಾಲು), ಅದರಲ್ಲಿ ಭಾರತದ ಸರದಿ ಹತ್ತು ವರ್ಷಕ್ಕೂ ಹಿಂದೆ ಅರ್ಜಿ ಹಾಕಿದವರ ಹತ್ತಿರವೇ ನಿಂತಿದೆ. ಐಇಎಲ್‌ಟಿಎಸ್ ಅಂಕದ ಆಯುಷ್ಯ 2 ವರ್ಷ, ವೀಸಾಸ್ಕ್ರೀನ್‌ದು 5 ವರ್ಷ. ಇವತ್ತು ಮಾಡಿಸಿದರೆ ಮುಂಬೈ ಬಿಕೆಸಿಯ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಂದರ್ಶನಕ್ಕೆ ಕರೆ ಬರುವ ಹೊತ್ತಿಗೆ ರದ್ದಿಗೆ ಹಾಕಬೇಕು. ವೀಸಾಸ್ಕ್ರೀನ್ ಕೇಳುವುದೇ ಅಲ್ಲಿ. ಅಮೆರಿಕದ ಆಸ್ಪತ್ರೆ ನಿಮ್ಮನ್ನು ಕಾಯಂ ಕೆಲಸಕ್ಕೆ ಕರೆಸಿಕೊಳ್ಳಲು ಐ-140 ಅರ್ಜಿ ಹಾಕುವಾಗ ಬೇಡ.

ಐ-140ಗೆ ಬೇಕಾದದ್ದು ಮೂರರಲ್ಲಿ ಒಂದು: ಎನ್‌ಕ್ಲೆಕ್ಸ್-ಆರ್‌ಎನ್ (ಅಮೆರಿಕದಲ್ಲಿ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್, ಲೈಸೆನ್ಸಿಗೆ ಬರೆಯುವ ಪರೀಕ್ಷೆ) ಪಾಸಾದ ದಾಖಲೆ, ಕೆಲಸಕ್ಕೆ ಸೇರುವ ರಾಜ್ಯದ ಪೂರ್ಣ ಲೈಸೆನ್ಸ್, ಇಲ್ಲವೇ ವಿದೇಶಿ ನರ್ಸುಗಳ ಅರ್ಹತೆ ಪರಿಶೀಲಿಸುವ ಸಿಜಿಎಫ್‌ಎನ್‌ಎಸ್ (ಈಗಿನ ಹೆಸರು ಟ್ರೂಮೆರಿಟ್) ಸಂಸ್ಥೆಯ ಸರ್ಟಿಫಿಕೇಟ್. ನರ್ಸ್ ಮತ್ತು ಫಿಸಿಯೋಥೆರಪಿಸ್ಟ್ 'ಶೆಡ್ಯೂಲ್ ಎ' (ಅಮೆರಿಕದಲ್ಲಿ ಜನ ಸಾಲದ ಕೆಲಸಗಳ) ಪಟ್ಟಿಯಲ್ಲಿರುವುದರಿಂದ ಲೇಬರ್ ಸರ್ಟಿಫಿಕೇಶನ್‌ಗೆ (ಆ ಕೆಲಸಕ್ಕೆ ಅಲ್ಲಿನವರು ಸಿಗುತ್ತಿಲ್ಲ ಎಂಬ ಕಾರ್ಮಿಕ ಇಲಾಖೆಯ ಪತ್ರ) ಕಾಯುವ ಗೋಜಿಲ್ಲ. ಆಸ್ಪತ್ರೆಯವರು ಸಂಬಳದ ದರ ನಿಗದಿ ಮಾಡಿಸಿಕೊಂಡು, ಕೆಲಸದ ಜಾಗದಲ್ಲಿ 10 ಕೆಲಸದ ದಿನ ನೋಟಿಸ್ ಅಂಟಿಸಿ, ನೇರವಾಗಿ ಅರ್ಜಿ ಹಾಕುತ್ತಾರೆ. ಅರ್ಜಿ ಅಮೆರಿಕದ ವಲಸೆ ಇಲಾಖೆಯ ಕೈಸೇರಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಿಮ್ಮ ಜಾಗದ ತಾರೀಖು. ಮಂಜೂರಾದ ಮೇಲೆ ಆಸ್ಪತ್ರೆ ಬದಲಾಯಿಸಿದರೆ ಹೊಸ ಆಸ್ಪತ್ರೆ ಮತ್ತೆ ಐ-140 ಹಾಕಬೇಕು. ಆದರೆ ಮೋಸ, ಗಂಭೀರ ತಪ್ಪು ಇಲ್ಲದಿದ್ದರೆ ಹಳೇ ತಾರೀಖು ನಿಮ್ಮದೇ. ಹಾಗಾಗಿ ಈಗ ಎನ್‌ಕ್ಲೆಕ್ಸ್‌ಗೆ ಕೂತುಕೊಳ್ಳಿ.

ಎನ್‌ಕ್ಲೆಕ್ಸ್ ಶುಲ್ಕ 200 ಡಾಲರ್, ಭಾರತದಲ್ಲಿ ಬರೆಯಲು ಮೇಲೆ 150. ಮುಂಬೈಯಲ್ಲೇ ಕೇಂದ್ರವಿದೆ. 85ರಿಂದ 150 ಪ್ರಶ್ನೆ, 5 ಗಂಟೆ. ಫೇಲಾದರೆ ಮತ್ತೆ ಬರೆಯಲು ಕನಿಷ್ಠ 45 ದಿನ.

ಹೆಚ್ಚಿನವರು ಎಡವುವುದು ಹೆಸರಿನಲ್ಲಿ. ಮಾರ್ಕ್ಸ್‌ಕಾರ್ಡಿನಲ್ಲಿ 'ಸವಿತಾ ಕೆ.ಆರ್.', ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರೇ ಸರ್‌ನೇಮ್, ಮದುವೆಯಾದ ಮೇಲೆ ಮಹಾರಾಷ್ಟ್ರ ಕೌನ್ಸಿಲ್‌ನಲ್ಲಿ ಇಲ್ಲಿನ ರೂಢಿಯಂತೆ ನಡುವೆ ಗಂಡನ ಹೆಸರು, ಕೊನೆಗೆ ಅವರ ಅಡ್ಡಹೆಸರು. ಕಾಗದದ ಮೇಲೆ ಇವರು ಮೂರು ಜನ! ಪರೀಕ್ಷಾ ಕೇಂದ್ರದಲ್ಲಿ ಪಾಸ್‌ಪೋರ್ಟಿನ ಹೆಸರೂ ಪರೀಕ್ಷೆಯ ಅನುಮತಿ ಪತ್ರದ (ಎಟಿಟಿ) ಹೆಸರೂ ತಾಳೆಯಾಗದಿದ್ದರೆ ಬಾಗಿಲಲ್ಲೇ ವಾಪಸ್, ಕಟ್ಟಿದ ದುಡ್ಡೂ ಹೋಯಿತು. ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ, ಅದರಂತೆ ಉಳಿದದ್ದು. ಬದಲಾವಣೆಗೆ ಮದುವೆ ಸರ್ಟಿಫಿಕೇಟೋ ಗೆಜೆಟ್ ಪ್ರಕಟಣೆಯೋ ಕೈಯಲ್ಲಿರಲಿ.

ಇನ್ನೊಂದು, ಲೈಸೆನ್ಸ್ ವೆರಿಫಿಕೇಶನ್ (ನೋಂದಣಿ ನಿಜ ಎಂಬ ದೃಢೀಕರಣ) ಎರಡೂ ಕೌನ್ಸಿಲ್‌ನಿಂದ ಅಮೆರಿಕದ ಪರಿಶೀಲನಾ ಸಂಸ್ಥೆಗೆ ನೇರವಾಗಿ ಹೋಗಬೇಕು. ನೀವು ಕಳಿಸಿದ ಝೆರಾಕ್ಸ್ ಲೆಕ್ಕಕ್ಕಿಲ್ಲ. ಮುಂಬೈಯಲ್ಲಿ ಕೆಲಸ ಅಂತ ಮಹಾರಾಷ್ಟ್ರದ್ದು ಮಾತ್ರ ಕಳಿಸಿದರೆ ಫೈಲು ಅಲ್ಲೇ ಕೂರುತ್ತದೆ.

ಪ್ರಶ್ನೆ (ಅದೇ ಮೇಡಂ): ನಮ್ಮ ಮನೆಯವರು ಹುಟ್ಟಿದ್ದು ಕುವೈತ್‌ನಲ್ಲಿ, ಪಾಸ್‌ಪೋರ್ಟ್ ಭಾರತದ್ದೇ. ಏನಾದರೂ ವ್ಯತ್ಯಾಸ ಆಗುತ್ತದಾ?

ಉತ್ತರ: ಇದನ್ನು ಮೊದಲೇ ಹೇಳಬೇಕಿತ್ತು! ಸರದಿ ನೋಡುವುದು ಹುಟ್ಟಿದ ದೇಶದ ಮೇಲೆ, ಪೌರತ್ವದ ಮೇಲಲ್ಲ. ಗಂಡ ಜೊತೆಯಲ್ಲೇ ವಲಸೆ ಬರುವುದಾದರೆ ನೀವು ಅವರು ಹುಟ್ಟಿದ ದೇಶದ ಸಾಲಿಗೆ ಸೇರಿಕೊಳ್ಳಬಹುದು. ಅಲ್ಲೂ ಕಾಯುವುದಿದೆ, ಆದರೆ ಭಾರತದಷ್ಟಲ್ಲ. ಕುವೈತ್‌ನ ಜನನ ಪತ್ರ ತೆಗೆಸಿಡಿ. ನಿಮಗೆ ಮೇಲಿನ ಕ್ರಮವೂ ಬದಲಾಗುತ್ತದೆ: ಐ-140 ಹಾಕಿದ ಬೆನ್ನಿಗೇ ವೀಸಾಸ್ಕ್ರೀನ್ ತಯಾರಿ. ಆರ್‌ಎನ್‌ಗೆ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 6.5, ಸ್ಪೀಕಿಂಗ್‌ನಲ್ಲಿ 7. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ದೇನೆ ಅಂದರೂ ಭಾರತದಲ್ಲಿ ಓದಿದವರಿಗೆ ವಿನಾಯಿತಿ ಇಲ್ಲ. ಮಕ್ಕಳು ಬೇರೆ ದೇಶದಲ್ಲಿ ಹುಟ್ಟಿದ್ದರೆ ಅಪ್ಪ–ಅಮ್ಮನಿಗೆ ಈ ಲಾಭ ಸಿಗುವುದಿಲ್ಲ.

ಪ್ರಶ್ನೆ (ಮಡಗಾಂವ್): ನನ್ನದು ಪೋರ್ಚುಗಲ್ ಪಾಸ್‌ಪೋರ್ಟ್, ಹುಟ್ಟಿದ್ದು ಗೋವಾದಲ್ಲಿ, 1990ರಲ್ಲಿ.

ಉತ್ತರ: ಹಾಗಾದರೆ ಭಾರತದ ಸಾಲೇ. ಪಾಸ್‌ಪೋರ್ಟ್ ಬದಲಾದರೂ ಹುಟ್ಟಿದ ಊರು ಬದಲಾಗದಲ್ಲ.

ಪ್ರಶ್ನೆ (ಪುಣೆ): ಹಳೇ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಗಂಡಸು. ಅಮೆರಿಕದ ರಾಜ್ಯದ ನರ್ಸಿಂಗ್ ಬೋರ್ಡ್ ನಾನು ಓದಿದ್ದರಲ್ಲಿ ಹೆರಿಗೆ ವಿಷಯದ ಗಂಟೆ ಕಡಿಮೆ ಅಂದಿದೆ.

ಉತ್ತರ: ಆಗ ಗಂಡು ವಿದ್ಯಾರ್ಥಿಗಳಿಗೆ ಮಿಡ್‌ವೈಫರಿ ಬದಲು ಬೇರೆ ವಿಷಯ ಕೊಡುತ್ತಿದ್ದರು, ಅದರ ಫಲ ಇದು. ಅನುಭವದ ಪತ್ರ ಎಷ್ಟು ಕೊಟ್ಟರೂ ಈ ಕೊರತೆ ತುಂಬುವುದಿಲ್ಲ. ಥಿಯರಿ, ಕ್ಲಿನಿಕಲ್ ಎರಡೂ ಗಂಟೆ ಬೇರೆ ಬೇರೆ ತೋರಿಸುವ ಪೂರಕ ಕೋರ್ಸ್ ಬೇಕು. ಯಾವುದನ್ನು ಒಪ್ಪುತ್ತಾರೆ ಎಂದು ಆ ಬೋರ್ಡಿನಿಂದಲೇ ಬರಹದಲ್ಲಿ ತರಿಸಿಕೊಂಡು, ಆಮೇಲೆ ಫೀಸು ಕಟ್ಟಿ.

ಪ್ರಶ್ನೆ (ಪುಣೆ, ಲ್ಯಾಬ್ ಟೆಕ್ನಾಲಜಿಸ್ಟ್): ನಮಗೂ ವೀಸಾಸ್ಕ್ರೀನ್ ಬೇಕಾ?

ಉತ್ತರ: ಬೇಕು. ಬೇಡದಿರುವುದು ಡಾಕ್ಟರರಿಗೆ. ಆದರೆ ನೀವು ಶೆಡ್ಯೂಲ್ ಎ ಪಟ್ಟಿಯಲ್ಲಿಲ್ಲ, ಲೇಬರ್ ಸರ್ಟಿಫಿಕೇಶನ್ ಮಾಡಿಸಲೇಬೇಕು.

ಪ್ರಶ್ನೆ (ಡೊಂಬಿವಲಿ): ಪೊಲೀಸ್ ಕ್ಲಿಯರೆನ್ಸ್ (ಅಪರಾಧ ದಾಖಲೆ ಇಲ್ಲ ಎಂಬ ಪತ್ರ) ಈಗಲೇ ಮಾಡಿಸಿಡಲಾ?

ಉತ್ತರ: ಈಗ ಬೇಡ, ಸಂದರ್ಶನ ಹತ್ತಿರ ಬಂದಾಗ. ಠಾಣೆಯಲ್ಲಿ ಕೊಡುವ ಪತ್ರ ನಡೆಯುವುದಿಲ್ಲ, ಪಾಸ್‌ಪೋರ್ಟ್ ಕಚೇರಿಯದ್ದೇ ಆಗಬೇಕು. 16 ವಯಸ್ಸಾದ ಮೇಲೆ ಬೇರೆ ದೇಶದಲ್ಲಿ 12 ತಿಂಗಳು ಇದ್ದಿದ್ದರೆ ಆ ದೇಶದ್ದೂ ಬೇಕು. ಗಲ್ಫ್‌ನಲ್ಲಿ ಈಗ ಇರುವವರು ಹೊರಡುವ ಮುಂಚೆಯೇ ತೆಗೆಸಿಕೊಳ್ಳಿ, ಊರಿಗೆ ಬಂದು ಕೂತಮೇಲೆ ಅದಕ್ಕೆ ಅಲೆದಾಟ ಜಾಸ್ತಿ.